ಅರವತ್ತೊಂದು ಗೊದಮೊಟ್ಟೆಗಳು

ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನ ಮನೆಬಾಗಿಲಿಗೆ ಜನ ಏನೇನು ಹೊತ್ತು ತರುತ್ತಾರೆಂಬುದನ್ನು ನೀವು ಊಹಿಸಲಾರಿರಿ. ಗಂಜಾಮಿನ ನಮ್ಮ ಬೀದಿಯಲ್ಲಿ ಈಚೆಗೆ ಒಬ್ಬರು ಸತ್ತ ಚೇಳನ್ನು ಡಬ್ಬಿಯಲ್ಲಿಟ್ಟು ತಂದು ಇದು ಗಂಡೋ ಹೆಣ್ಣೋ ಎಂದು ಕೇಳಿದರು. ಇನ್ನೊಬ್ಬರು ಅಣಬೆಯನ್ನು ತಂದು, ಅದೂ ಮನೆಮಂದಿಯೆಲ್ಲ ತಿಂದಾದ ಮೇಲೆ ಉಳಿದದ್ದನ್ನು ತಂದು, ಇದು ತಿನ್ನುವಂಥದ್ದೇ ಎಂದು ವಿಚಾರಿಸಿದರು. ‘ಗೊತ್ತಿಲ್ಲ’ ಎಂಬ ಮಾತು ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವನ ಬಾಯಿಗೆ ಸಲೀಸಾಗಿ ಬರುವುದಿಲ್ಲ. ಕನ್ನಡಕ ಒರೆಸಿಕೊಂಡು, ಒಂದು ಲ್ಯಾಟಿನ್ ಹೆಸರನ್ನು ಮುಂದೆ ಬಿಟ್ಟು, ಅದರ ಮರೆಯಲ್ಲಿ ಏನಾದರೊಂದು ಹೇಳಿ ಕಳಿಸುತ್ತೇನೆ. ಈ ಚಾಳಿಯೇ ನನ್ನನ್ನು ಹೋದ ವರ್ಷ ಗೊದಮೊಟ್ಟೆಗಳ ಸಾಕುತಂದೆಯಾಗಿ ಮಾಡಿದ್ದು.

ನನ್ನ ತಂಗಿ ಸಾಕಮ್ಮನನ್ನು ಕೊಟ್ಟಿರುವುದು ತೊಣ್ಣೂರಿನಾಚೆಯ ಒಂದು ಹಳ್ಳಿಗೆ. ಅವಳ ಗಂಡ ಕೆಂಪಣ್ಣ ಮನೆಯ ಪಕ್ಕದ ಗದ್ದೆಯಂಚಿನಲ್ಲಿ ಸಣ್ಣದೊಂದು ಆಲೆಮನೆ ನಡೆಸುತ್ತಾನೆ. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಿದಾಗ ಬೋರಲು ಹಾಕಿಡುವುದು ಆಲೆಮನೆಯವರ ಪದ್ಧತಿ. ಆ ಸಲ ಒಲೆ ರಿಪೇರಿಗೆಂದು ಇಳಿಸಿದ ಕೆಂಪಣ್ಣ ಅದನ್ನು ಅಂಗಾತವಾಗಿಯೇ ಬಿಟ್ಟಿದ್ದ. ಎರಡು ಮಳೆಗೆ ಅದು ತುಂಬಿತು, ಯಾವುದೋ ಕಪ್ಪೆ ಬಂದು ಮೊಟ್ಟೆಯಿಟ್ಟು ಹೋಯಿತು. ನಾನು ತಂಗಿಯನ್ನು ನೋಡಲು ಹೋಗಿದ್ದಾಗಲೇ, ಸೋಮವಾರ ಕಬ್ಬು ಬರುತ್ತದೆಂದು ಶನಿವಾರ ಕೊಪ್ಪರಿಗೆ ತೊಳೆಯಲು ಹೋದರೆ ಒಳಗೆಲ್ಲ ಬಾಲ ಅಲ್ಲಾಡಿಸುವ ಕರಿಯ ಕೂಸುಗಳು. ಕೆಂಪಣ್ಣ ಪಂಚೆ ಮೇಲೆ ಕಟ್ಟಿ ಕೊಪ್ಪರಿಗೆಯನ್ನು ಮಗುಚಲು ಕೈಹಾಕುವುದಕ್ಕೂ ಸಾಕಮ್ಮ ಕೂಗಿಕೊಳ್ಳುವುದಕ್ಕೂ ಸರಿಹೋಯಿತು.

“ಬಸುರಿ ಎಂಗ್ಸು ಮನೇಲವ್ಳೆ, ಜೀವ ತೆಗೀತೀಯಾ?”

“ಗೊದಮೊಟ್ಟೆ ಕಣಮ್ಮೀ, ಆನೆ ಮರಿಯಲ್ಲ.”

“ಯಾವ್ದಾದ್ರೇನು? ಉಸ್ರು ಐತೋ ಇಲ್ವೋ?”

ನಮ್ಮ ಕಡೆ ಗರ್ಭಿಣಿಯಿರುವ ಮನೆಯವರು ಯಾವ ಜೀವಕ್ಕೂ ಕೈಯೆತ್ತುವುದಿಲ್ಲ. ಹಾವು ಕಂಡರೆ ದಾರಿ ಬಿಟ್ಟು ನಿಲ್ಲುತ್ತಾರೆ, ಹೆರಿಗೆಯಾಗುವ ತನಕ ಕೋಳಿ ಕೊಯ್ಯುವ ಕೆಲಸ ಪಕ್ಕದ ಮನೆಯವರದು. ಬೇರೆ ವೇಳೆಯಲ್ಲಾಗಿದ್ದರೆ ನಾನು ಇದರ ಮೇಲೆ ಒಂದು ಸಣ್ಣ ಉಪನ್ಯಾಸ ಕೊಟ್ಟು ನಗುತ್ತಿದ್ದೆನೇನೋ. ಆದರೆ ಜಗಲಿಯ ಮೇಲೆ ಕುಳಿತಿದ್ದವಳು ಸಾಕಮ್ಮನ ಮಗಳು ರತ್ನ. ಹಿಂದಿನ ವರ್ಷ ಏಳನೆಯ ತಿಂಗಳಲ್ಲಿ ಅವಳ ಮಗು ಹೊಟ್ಟೆಯಲ್ಲೇ ಹೋಗಿತ್ತು. ಈಗ ಮತ್ತೆ ಆರು ತಿಂಗಳು. ಸಾಕಮ್ಮ ಇರುವೆಯ ಸಾಲನ್ನು ಕೂಡ ದಾಟಿಕೊಂಡು ನಡೆಯುತ್ತಿದ್ದ ಕಾಲ ಅದು.

ಎಲ್ಲರೂ ನನ್ನ ಮುಖ ನೋಡಿದರು. ನಾಲೆಗೆ ಇನ್ನೂ ನೀರು ಬಿಟ್ಟಿಲ್ಲ, ಗದ್ದೆಗಳು ಒಣಗಿವೆ, ಕೆರೆಗೆ ಬಿಟ್ಟರೆ ಮೀನಿನ ಪಾಲು. ಆದ್ದರಿಂದ ಕಾಲು ಮೂಡಿ ಕಪ್ಪೆಯಾಗುವವರೆಗೆ ಇವನ್ನು ನನ್ನ ಮನೆಯಲ್ಲಿ ಸಾಕಿ ತಂದುಕೊಡುತ್ತೇನೆ ಎಂದು ಘೋಷಿಸಿಬಿಟ್ಟೆ. ನಾನು ನನ್ನ ಸೇವಾವಧಿಯಲ್ಲಿ ಲೆಕ್ಕವಿಲ್ಲದಷ್ಟು ಕಪ್ಪೆಗಳನ್ನು ಮೇಣದ ತಟ್ಟೆಯ ಮೇಲೆ ಗುಂಡುಸೂಜಿ ಚುಚ್ಚಿ ಮಲಗಿಸಿದವನು. ಅವುಗಳ ಒಂದೊಂದು ನರದ ಹೆಸರೂ ಬಲ್ಲೆ. ಬದುಕಿರುವ ಕಪ್ಪೆಗೆ ಏನು ಬೇಕೆಂದು ಮಾತ್ರ ಯಾವ ಪ್ರಶ್ನೆಪತ್ರಿಕೆಯಲ್ಲೂ ಕೇಳಿರಲಿಲ್ಲ.

ರತ್ನ ತಾನೇ ಇಳಿದು ಬಂದು ಸೌಟಿನಲ್ಲಿ ಒಂದೊಂದಾಗಿ ಎತ್ತಿ ಹಾಲಿನ ಕ್ಯಾನಿಗೆ ತುಂಬಿದಳು, ಎಣಿಸಿದಳು. ಅರವತ್ತೊಂದು. “ದಿನಾ ಫೋನ್ ಮಾಡ್ತೀನಿ ಮಾವ, ಎಂಗವೆ ಅಂತ ಯೋಳ್ಬೇಕು,” ಎಂದಳು. ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಪಾಂಡವಪುರದ ಹತ್ತಿರ ಕಂಡಕ್ಟರು ಬಗ್ಗಿ ನೋಡಿ, “ಏನ್ ಸಾ, ಮೀನಾ? ಮೀನ್ಗೆ ಲಗೇಜ್ ಆಯ್ತದೆ,” ಎಂದ. ಕಪ್ಪೆ ಎಂದೆ. ಒಂದು ನಿಮಿಷ ಯೋಚಿಸಿ, “ಕಪ್ಪೇಗೆ ರೇಟ್ ಇಲ್ಲ, ಓಗ್ಲಿ ಬುಡಿ,” ಎಂದು ಮುಂದೆ ಹೋದ.

ಮನೆಗೆ ಬಂದವನೇ ಮಾಡಿದ ಮೊದಲ ಕೆಲಸ ಅಟ್ಟದ ಮೇಲಿದ್ದ ಅಮ್ಮನ ಕಾಲದ ತಾಮ್ರದ ಹಂಡೆಯನ್ನು ಇಳಿಸಿದ್ದು. ನಮ್ಮಲ್ಲಿ ತಾಮ್ರದ ಹಂಡೆಯ ನೀರಿಗಿಂತ ಶುದ್ಧವಾದದ್ದು ಬೇರೊಂದಿಲ್ಲ. ಎಣ್ಣೆನೀರು ಹಾಕಿಸಿಕೊಳ್ಳುವ ಕೂಸಿಗೂ ಅದೇ, ಮದುವೆಯ ಅರಿಸಿನದ ನೀರಿಗೂ ಅದೇ. ಹುಣಿಸೆಹಣ್ಣು ಹಚ್ಚಿ, ಬೂದಿಯಲ್ಲಿ ಉಜ್ಜಿ, ಮುಖ ಕಾಣುವಂತೆ ಬೆಳಗಿ, ನೀರು ತುಂಬಿ, ಅತಿಥಿಗಳನ್ನು ಒಳಗೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ಹದಿನೇಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಗದ್ದೆಯ ಬಸವನಹುಳು ಸಾಯಲೆಂದು ಮೈಲುತುತ್ತ ಹಾಕುತ್ತಾರೆ, ಅದರಲ್ಲಿರುವುದು ತಾಮ್ರ, ತಾಮ್ರವು ಜಲಚರಗಳಿಗೆ ವಿಷ. ಇದನ್ನು ವರ್ಷಕ್ಕೊಂದು ಸಲದಂತೆ ಮೂವತ್ತು ಸಲ ನೋಟ್ಸು ಬರೆಸಿದ್ದವನು ನಾನೇ. ಹಂಡೆ ಉಜ್ಜುವಾಗ ಆ ನೋಟ್ಸಿನ ಒಂದಕ್ಷರವೂ ನೆನಪಾಗಲಿಲ್ಲ. ಉಳಿದವನ್ನು ಗಾಬರಿಯಿಂದ ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬಿಗೆ ಎತ್ತಿ ಹಾಕುತ್ತಿರುವಾಗಲೇ ಫೋನು ಬಂತು. “ಎಂಗವೆ ಮಾವ?” ಎಂದಳು ರತ್ನ. “ಎಲ್ಲಾ ಚೆನ್ನಾಗಿವೆ ಕಣಮ್ಮ, ಆಟ ಆಡ್ತಾ ಇವೆ,” ಎಂದೆ. ಆಮೇಲೆ ಹಿತ್ತಲಿನ ದಾಸವಾಳದ ಬುಡದಲ್ಲಿ ಗುಂಡಿ ತೋಡಿ ಹದಿನೇಳನ್ನೂ ಮಣ್ಣು ಮಾಡಿದೆ. ನನಗೆ ನಾಚಿಕೆಯಾಗಿತ್ತು, ಭಯವೂ ಆಗಿತ್ತು.

ಅಲ್ಲಿಂದ ನಾನು ನಿಜವಾಗಿ ವಿದ್ಯಾರ್ಥಿಯಾದೆ. ನಲ್ಲಿಯ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ವಾಸನೆಯಿರುವುದರಿಂದ ಅದನ್ನು ಬಕೆಟ್ಟಿನಲ್ಲಿ ಒಂದೆರಡು ದಿನ ಬಿಸಿಲಿಗಿಟ್ಟು ಬಳಸಿದೆ. ನೀರನ್ನು ಒಮ್ಮೆಗೇ ಬದಲಿಸದೆ ಸ್ವಲ್ಪಸ್ವಲ್ಪವೇ ತೆಗೆದು ಸ್ವಲ್ಪಸ್ವಲ್ಪವೇ ತುಂಬಿದೆ. ಬೇಯಿಸಿದ ದಂಟಿನ ಸೊಪ್ಪನ್ನು ಚಿಟಿಕೆಯಷ್ಟು ಕೊಟ್ಟು, ತಿನ್ನದೆ ಉಳಿದದ್ದನ್ನು ಸಂಜೆ ಹೆಕ್ಕಿ ತೆಗೆದೆ. ಕಾಗೆಗೂ ಪಕ್ಕದ ಮನೆಯ ಬೆಕ್ಕಿಗೂ ಸಿಗದಂತೆ ಹಳೆಯ ಸೊಳ್ಳೆಪರದೆ ಹೊದಿಸಿದೆ. ನನ್ನ ಹೆಂಡತಿ, ತನ್ನ ಮಕ್ಕಳಿಗೆ ಒಂದು ದಿನವೂ ಹಾಲು ಕುಡಿಸದ ಮನುಷ್ಯ ಇವರೇನಾ ಎಂದು ಬೀದಿಯವರಿಗೆಲ್ಲ ಕೇಳುವಂತೆ ಆಶ್ಚರ್ಯಪಟ್ಟಳು.

ಮೊದಲು ಹಿಂಗಾಲು, ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಮುಂಗಾಲು. ಅವತ್ತೇ ಮೂರು ಮುಳುಗಿ ಸತ್ತವು. ಟಬ್ಬಿನ ಗೋಡೆಗೆ ಅಂಟಿಕೊಂಡು ಬಾಯಿ ಬಿಡುತ್ತಿದ್ದ ಇನ್ನೊಂದನ್ನು ನೋಡಿ ಹೆಂಡತಿ, “ಅಯ್ಯೋ, ಅದ್ಕೆ ಕೂರಕ್ಕೆ ಒಂದು ಜಾಗ ಬೇಡ್ವಾ?” ಎಂದು ಹಿತ್ತಲಿನ ಒಡೆದ ಹೆಂಚೊಂದನ್ನು ಇಳಿಜಾರಾಗಿ ಇಟ್ಟಳು. ಕಿವಿರು ಹೋಗಿ ಶ್ವಾಸಕೋಶ ಬಂದ ಪ್ರಾಣಿಗೆ ದಡ ಬೇಕೆಂಬುದನ್ನು ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿದ ಅವಳು ಕಂಡುಕೊಂಡಳು, ಎಮ್ಮೆಸ್ಸಿ ಮಾಡಿದ ನಾನು ಕಾಣಲಿಲ್ಲ. ಬಾಲ ಕರಗುವ ಆ ನಾಲ್ಕೈದು ದಿನ ಅವು ಏನನ್ನೂ ತಿನ್ನಲಿಲ್ಲ. ಬಾಲವೇ ಅವುಗಳ ಬುತ್ತಿ ಎಂದು ಪುಸ್ತಕದಲ್ಲಿ ಓದಿದ್ದರೂ ನಾನು ಸೊಪ್ಪು ಹಿಡಿದುಕೊಂಡು ಟಬ್ಬಿನ ಪಕ್ಕದಲ್ಲೇ ಕೂತಿರುತ್ತಿದ್ದೆ. ದಿನವೂ ಫೋನು ಬರುತ್ತಿತ್ತು. ದಿನವೂ ‘ಎಲ್ಲಾ ಚೆನ್ನಾಗಿವೆ’ ಎನ್ನುತ್ತಿದ್ದೆ.

ನಾಲೆಗೆ ನೀರು ಬಂದು ಗದ್ದೆಗಳಲ್ಲಿ ನಾಟಿ ಮುಗಿದ ಮೇಲೆ ಹೆಬ್ಬೆರಳಿನ ಉಗುರಿನಷ್ಟಿದ್ದ ಮರಿಗಳನ್ನು ಒದ್ದೆ ಹುಲ್ಲು ಹಾಸಿದ ಡಬ್ಬಿಯಲ್ಲಿ ತುಂಬಿಕೊಂಡು ತೊಣ್ಣೂರಿನ ಬಸ್ಸು ಹತ್ತಿದೆ. ರತ್ನ ಹೋದ ಸಲದ ಏಳನೆಯ ತಿಂಗಳನ್ನು ದಾಟಿದ್ದಳು. ಬದುವಿನ ಮೇಲೆ ನಿಧಾನವಾಗಿ ನಡೆದು ಬಂದು ನನ್ನ ಎದುರು ನಿಂತಳು. ಸಾಕಮ್ಮ ದೂರದಲ್ಲಿ ಬೆಳ್ಳಕ್ಕಿಗಳನ್ನು ಓಡಿಸುತ್ತಿದ್ದಳು.

“ಮಾವ, ನಿಜ ಯೋಳಿ. ಎಷ್ಟು ಸತ್ತೋದ್ವು?”

ನಾನು ಎಂದಿನಂತೆ ಕನ್ನಡಕಕ್ಕೆ ಕೈಹಾಕಿದೆ.

“ಓದ್ಸಲಾನೂ ಎಲ್ರೂ ಚೆನ್ನಾಗೈತೆ ಚೆನ್ನಾಗೈತೆ ಅಂತಿದ್ರು. ಕೊನೇ ದಿನದವರ್ಗೂವೆ. ಈಗ್ಲೂ ಡಾಕ್ಟ್ರು ಅಮ್ಮನ್ನ ಆಚೆಗೆ ಕರ್ದು ಮಾತಾಡ್ತಾರೆ, ಅಮ್ಮ ಒಳೀಕೆ ಬಂದು ನಗ್ತಾಳೆ. ನೀವೊಬ್ರಾದ್ರೂ ಯೋಳ್ಬಾರ್ದಾ?”

ಹೇಳಿದೆ. ಹಂಡೆಯಲ್ಲಿ ಹದಿನೇಳು, ಅದು ನನ್ನ ತಪ್ಪು, ಟಬ್ಬಿನಲ್ಲಿ ಮೂರು, ಅದೂ ನನ್ನದೇ, ಇಲ್ಲಿ ನಲವತ್ತೊಂದಿವೆ. ಅವಳು ಅಳುತ್ತಾಳೆಂದು ತಲೆ ತಗ್ಗಿಸಿಕೊಂಡು ನಿಂತಿದ್ದೆ.

“ನಲ್ವತ್ತೊಂದು ಉಳ್ಕಂಡ್ವಾ?” ಎಂದಳು. ಮುಖ ನೋಡಿದರೆ ನಗುತ್ತಿದ್ದಳು. ಆರು ವಾರದಿಂದ ನಾನು ಇಪ್ಪತ್ತನ್ನು ಬಚ್ಚಿಟ್ಟುಕೊಂಡು, ಅದರ ಜೊತೆಗೆ ಈ ನಲವತ್ತೊಂದನ್ನೂ ಅವಳಿಂದ ಬಚ್ಚಿಟ್ಟಿದ್ದೆ. ಎಲ್ಲಾ ಚೆನ್ನಾಗಿವೆ ಎಂಬ ಮಾತಿನಲ್ಲಿ ಅವಳು ನಂಬಬಹುದಾದದ್ದು ಒಂದೂ ಇರಲಿಲ್ಲ. ಡಬ್ಬಿಯ ಮುಚ್ಚಳವನ್ನು ಅವಳೇ ತೆಗೆದಳು. ಮರಿಗಳು ಪೈರಿನ ಸಂದಿಗೆ ಒಂದೊಂದಾಗಿ ನೆಗೆದು ಹೋದವು, ಅವಳು ಜೋರಾಗಿ ಎಣಿಸುತ್ತ ನಿಂತಳು.

ಮಗು ದಿನ ತುಂಬುವುದಕ್ಕೆ ಮೂರು ವಾರ ಮುಂಚೆಯೇ ಬಂತು. ಆಸ್ಪತ್ರೆಯಿಂದ ಫೋನು ಮಾಡಿದವಳು ರತ್ನಳೇ. “ಎಣ್ಮಗು ಮಾವ. ತೂಕ ಕಮ್ಮಿ, ಗಾಜಿನ ಪೆಟ್ಗೇಲಿ ಮಡಗವ್ರೆ. ಉಸ್ರು ತಾನೇ ತಕತಾ ಅವ್ಳೆ.” ಏನೂ ಆಗಲ್ಲ ಬಿಡಮ್ಮ ಎಂಬ ಮಾತು ತುಟಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, “ತೂಕ ಎಷ್ಟು?” ಎಂದು ಕೇಳಿದೆ. “ಒಂದು ಕೇಜಿ ಒಂಬೈನೂರು,” ಎಂದಳು. ಮೂರನೆಯ ದಿನ, “ಎಂಬತ್ತು ಗ್ರಾಂ ಇಳ್ದೈತೆ ಮಾವ.” ಆರನೆಯ ದಿನ ಇಳಿದದ್ದು ನಿಂತಿತು. ಎಂಟನೆಯ ದಿನ ಮೂವತ್ತು ಗ್ರಾಂ ಏರಿತು. ಹದಿನೈದನೆಯ ದಿನ ಬೆಳಿಗ್ಗೆ ಫೋನಿನಲ್ಲಿ ಅವಳ ದನಿಗೂ ಮೊದಲು ಸಣ್ಣದೊಂದು ಅಳು ಕೇಳಿಸಿತು. “ಎರಡು ಕೇಜಿ ಮೇಲೆ ಹತ್ತು ಗ್ರಾಂ, ಮಾವ. ಮನೀಗೆ ಓಯ್ತಾ ಇದ್ದೀವಿ.”