ಒಂದು ರಾಜವಂಶ ಮತ್ತು ನನ್ನ ಹೆಬ್ಬೆರಳು

ನನ್ನ ಬಲಗೈಯ ಹೆಬ್ಬೆರಳು ಸ್ವಲ್ಪ ನಿಧಾನ. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವ ಮೊದಲು ಗುಂಡಿ ಒತ್ತುವುದಾಗಲಿ, ಜಾಹೀರಾತು ಕಿರುಚುವ ಮೊದಲು ಟಿ.ವಿ.ಯ ಸದ್ದು ಅಡಗಿಸುವುದಾಗಲಿ ಅದರಿಂದಾಗದು. ಕಣ್ಣು ಕಂಡು, ಮನಸ್ಸು ಹೇಳಿ, ಬೆರಳು ಅಲ್ಲಾಡುವಷ್ಟರಲ್ಲಿ ಲೋಕ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. "ನಿಮ್ಮನ್ನ ಲಿಫ್ಟ್ ಹತ್ರ ನಿಲ್ಲಿಸಿದ್ರೆ ಬಿಲ್ಡಿಂಗ್‌ನೋರೆಲ್ಲ ಮೆಟ್ಲು ಹತ್ಬೇಕು ಕಣ್ರೀ" ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ. ನಾನೂ ಜೊತೆಗೆ ನಗುತ್ತೇನೆ. ಇದೇ ಬೆರಳು ಒಂದು ರಾಜವಂಶವನ್ನು ಮುಗಿಸಿದ ಸಂಗತಿ ಅವಳಿಗೆ ಗೊತ್ತಿಲ್ಲ. ನಿಮಗೆ ಹೇಳುತ್ತೇನೆ, ನಿಮ್ಮಲ್ಲೇ ಇರಲಿ.

ನಾಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಬೆಳಗಿನ ತಿಂಡಿಗೆ ಮುಂಚೆ ಒಂದು ಸಭೆ ಸೇರುತ್ತದೆ. ಅಮೆರಿಕದವರು ರಾತ್ರಿ ಆಡುವ ಬ್ಯಾಸ್ಕೆಟ್‌ಬಾಲ್ ನಮ್ಮ ಟಿ.ವಿ.ಗೆ ಸುಪ್ರಭಾತದ ಹೊತ್ತಿಗೆ ಬರುತ್ತದೆ. ವೈಟ್‌ಫೀಲ್ಡಿನ ಆಫೀಸಿಗೆ ಹೊರಡಬೇಕಾದವರು ಬೆನ್ನಿಗೆ ಬ್ಯಾಗು ಏರಿಸಿಕೊಂಡು ನಿಂತೇ ನೋಡುತ್ತಾರೆ. ನಿವೃತ್ತರಾದ ನಾವು ಮೊದಲೇ ಬಂದು ಕುರ್ಚಿ ಹಿಡಿದಿರುತ್ತೇವೆ. ಪಂದ್ಯ ಮುಗಿಯುತ್ತದೆ, ಆಮೇಲಿನ ಚರ್ಚೆ ಮುಗಿಯುವುದಿಲ್ಲ. ಈ ಸಲದ ವಿಷಯ ಅಲ್ಲಿನ ಒಬ್ಬ ತಾರೆ. ವರ್ಷಗಟ್ಟಲೆ ಕಪ್ ಬಿಟ್ಟುಕೊಡದ ಎರಡು ತಂಡಗಳು ಇವನೆದುರು ಬಂದಾಗಲೇ ಉರುಳಿದವಂತೆ. ಅಂಥ ತಂಡವನ್ನು ಅಲ್ಲಿನವರು ಡೈನಾಸ್ಟಿ, ಅಂದರೆ ರಾಜವಂಶ, ಎಂದೇ ಕರೆಯುತ್ತಾರೆ. ಹಾಗಾದರೆ ಅವುಗಳನ್ನು ಮುಗಿಸಿದ್ದು ಇವನೋ, ಅಥವಾ ಅವು ತಾವಾಗಿ ಮುಗಿಯುವ ಹೊತ್ತಿಗೆ ಇವನು ಸುಮ್ಮನೆ ಅಲ್ಲಿ ನಿಂತಿದ್ದನೋ?

"ಡೌಟೇ ಬೇಡ ಅಂಕಲ್, ಎರಡು ಡೈನಾಸ್ಟೀನೂ ಮುಗ್ಸಿದ್ದು ಅವ್ನೇ" ಎನ್ನುತ್ತಾನೆ ಐದನೆಯ ಮಹಡಿಯ ಸುಹಾಸ್. ಪಕ್ಕದ ಬ್ಲಾಕಿನವರೊಬ್ಬರು ಒಪ್ಪುವುದಿಲ್ಲ. "ಲೇ ಮಗಾ, ಅವ್ರಿಗೆಲ್ಲ ಮಂಡಿ ಹೋಗಿತ್ತು, ವಯಸ್ಸಾಗಿತ್ತು. ಬೀಳೋ ಗೋಡೆಗೆ ಇವ್ನು ಒರಗಿಕೊಂಡ ಅಷ್ಟೇ." ನನ್ನ ಜೊತೆ ಕೆಲಸ ಮಾಡಿದ್ದ ವಿರೂಪಾಕ್ಷ ಕೂರುವುದು ಮೂಲೆಯ ಕುರ್ಚಿಯಲ್ಲಿ. ಅವನು ಬೆಳಗಿನ ಮಾತ್ರೆಗಳನ್ನು ಅಂಗೈಮೇಲೆ ಹರಡಿಕೊಂಡು ಎಣಿಸುತ್ತಿರುತ್ತಾನೆ. ಇರುವುದು ನಾಲ್ಕು ಮಾತ್ರೆ. ಒಮ್ಮೆ ಎಣಿಸುತ್ತಾನೆ, ಮತ್ತೊಮ್ಮೆ ಎಣಿಸುತ್ತಾನೆ, ಆಮೇಲೆ ನನ್ನ ಕಡೆ ಕೈ ಚಾಚಿ ನನ್ನಿಂದಲೂ ಎಣಿಸಿಕೊಳ್ಳುತ್ತಾನೆ.

ನಾವು ಶಾಲೆಯಲ್ಲಿದ್ದಾಗ ಚರಿತ್ರೆಯ ಪರೀಕ್ಷೆಗೆ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: ರಾಷ್ಟ್ರಕೂಟರ ಅವನತಿಗೆ ಕಾರಣಗಳನ್ನು ಬರೆಯಿರಿ. ರಾಷ್ಟ್ರಕೂಟರ ಜಾಗಕ್ಕೆ ವಿಜಯನಗರ ಬಂದರೂ ಉತ್ತರ ಅದೇ. ದುರ್ಬಲ ಉತ್ತರಾಧಿಕಾರಿಗಳು, ಸಾಮಂತರ ದಂಗೆ, ಒಳಜಗಳ. ಆ ಮೂರನ್ನು ಬರೆದರೆ ಯಾವ ವಂಶ ಬೇಕಾದರೂ ಅಳಿಯುತ್ತಿತ್ತು, ನಾವು ಪಾಸಾಗುತ್ತಿದ್ದೆವು. ಕೋಟೆಯ ಗಳಿಗೆಬಟ್ಟಲು ಕಾಯುವವನ ವಿಷಯ ಮಾತ್ರ ಯಾವ ಮೇಷ್ಟ್ರೂ ಹೇಳಲಿಲ್ಲ. ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗಿದೊಡನೆ ಗಂಟೆ ಬಾರಿಸುವುದು ಅವನ ಕೆಲಸ. ಒಂದು ಸಂಜೆ ಅವನು ಕೊಕ್ಕರೆಗಳ ಸಾಲನ್ನು ನೋಡುತ್ತ ಮೈಮರೆತನೆನ್ನಿ. ಗಂಟೆ ತಡವಾಯಿತು, ಹೆಬ್ಬಾಗಿಲು ಮುಚ್ಚುವುದು ತಡವಾಯಿತು, ಶತ್ರುವಿನ ಕುದುರೆ ಒಳಗೆ ನುಗ್ಗಿತು. ಶಾಸನದಲ್ಲಿ ಕೆತ್ತುವುದು ಕುದುರೆಯ ಮೇಲೆ ಕೂತವನ ಹೆಸರನ್ನು. ಬಟ್ಟಲು ಕಾಯುವವನು ತನ್ನ ಬೆರಳು ನೋಡಿಕೊಳ್ಳುತ್ತ ಮನೆಗೆ ಹೋಗಿರಬೇಕು.

ನಾನು ಅವನ ಕಡೆಯವನು.

ಈಗ ನಮ್ಮ ಅಪಾರ್ಟ್‌ಮೆಂಟ್ ನಿಂತಿರುವ ಜಾಗದಲ್ಲಿ ಹಿಂದೆ ನಮ್ಮ ಕಾರ್ಖಾನೆಯಿತ್ತು. ಕ್ಯಾಂಟೀನಿನ ಹಿಂದೆ ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಅಂಕಣ. ಪೀಣ್ಯದಿಂದ ಜಿಗಣಿಯವರೆಗಿನ ಕಾರ್ಖಾನೆಗಳು ಸೇರಿ ಆಡುತ್ತಿದ್ದ ಪಂದ್ಯಾವಳಿಯಲ್ಲಿ ನಮ್ಮ ತಂಡ ಸತತ ಏಳು ವರ್ಷ ಕಪ್ ಗೆದ್ದಿತ್ತು. ತಂಡದ ನಾಯಕ ಇದೇ ವಿರೂಪಾಕ್ಷ, ಬಾಗಲಕೋಟೆ ಕಡೆಯಿಂದ ಲೇತ್ ಕೆಲಸಕ್ಕೆ ಬಂದವನು. ನಾನು ಟೈಮ್ ಆಫೀಸಿನ ಗುಮಾಸ್ತ. ಕಾರ್ಮಿಕರು ಗೇಟಿನೊಳಗೆ ಬಂದ ಹೊತ್ತನ್ನು ಗುರುತುಹಾಕುವವನಿಗೆ ಆಟದ ಹೊತ್ತು ನೋಡಿಕೊಳ್ಳುವುದು ಯಾವ ಮಹಾ ಕೆಲಸ ಎಂದು ಸ್ಟಾಪ್‌ವಾಚನ್ನು ನನ್ನ ಕೊರಳಿಗೇ ಹಾಕಿದರು. ಐದು ನಿಮಿಷ ತಡವಾಗಿ ಬಂದವರಿಗೆ ಅರ್ಧ ದಿನದ ರಜೆ ಬರೆಯುತ್ತಿದ್ದ ಮಹಾಶಯ ನಾನು. ನನ್ನನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ನಾನು 'ಟೈಮಾಫೀಸು'.

ಎಂಟನೆಯ ವರ್ಷದ ಫೈನಲ್ ನಮ್ಮ ಅಂಕಣದಲ್ಲೇ ನಡೆಯಿತು. ಎದುರಾಳಿ ಜಿಗಣಿಯ ತಂಡ, ಅದರಲ್ಲಿ ಮುನಿರಾಜು. ತೆಳ್ಳಗೆ, ಉದ್ದಕ್ಕೆ, ಎಲ್ಲರೂ ಓಡುವಾಗ ತಾನು ಮಾತ್ರ ನಡೆಯುವ ಮನುಷ್ಯ. ಆರು ಸೆಕೆಂಡು ಉಳಿದಾಗ ನಾವು ಒಂದು ಅಂಕ ಮುಂದಿದ್ದೆವು. ಚೆಂಡನ್ನು ಗೆರೆಯ ಹೊರಗಿನಿಂದ ಒಳಗೆ ಎಸೆಯುವುದು ಅವರ ಸರದಿ. ಒಳಗಿದ್ದ ಆಟಗಾರನ ಕೈಗೆ ಅದು ತಾಗಿದ ಕ್ಷಣಕ್ಕೆ ಸರಿಯಾಗಿ ನಾನು ವಾಚು ಒತ್ತಬೇಕು. ಚೆಂಡು ಮುನಿರಾಜುವಿನ ಕೈಗೆ ಬಂತು. ಅವನು ಓಡಲಿಲ್ಲ. ನಿಂತಲ್ಲೇ ಒಂದು ಸಲ ಪುಟಿಸಿ ನನ್ನ ಕಡೆ ನೋಡಿದ. ಮತ್ತೊಂದು ಸಲ ಪುಟಿಸಿದ, ಮತ್ತೆ ನೋಡಿದ. ಅಷ್ಟು ಜನ ಸೇರಿದ್ದ ಅಂಕಣದಲ್ಲಿ ಆ ಚೆಂಡಿನದಲ್ಲದೆ ಬೇರೆ ಸದ್ದೇ ನನಗೆ ಕೇಳಿಸುತ್ತಿರಲಿಲ್ಲ. ಮೂರನೆಯ ಸಲ ಪುಟಿಸಿದ ಮೇಲೆ ನನಗೆ ಬೆರಳೊಂದಿದೆ ಎಂಬುದು ನೆನಪಾಯಿತು. ಒತ್ತಿದೆ.

ಅವನೆದುರು ಕೈ ಅಗಲಿಸಿ ನಿಂತಿದ್ದವನು ವಿರೂಪಾಕ್ಷ. ಅವನಿಗೆ ತುಟಿ ಅಲ್ಲಾಡಿಸುತ್ತ ಸೆಕೆಂಡು ಎಣಿಸುವ ಅಭ್ಯಾಸವಿತ್ತು. ಏಳು ವರ್ಷದಲ್ಲಿ ಅವನ ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ. ಆವತ್ತೂ ಆರರಿಂದ ಕೆಳಗಿಳಿದು ಸೊನ್ನೆಗೆ ಬಂದ. ಆಟ ಮುಗಿಯಿತೆಂದು ಕೈ ಇಳಿಸಿದ, ಅವನ ಮುಖದ ಮೇಲೆ ನಗು ಕೂಡ ಬಂದಿತ್ತು. ನನ್ನ ವಾಚಿನಲ್ಲಿ ಇನ್ನೂ ಮೂರು ಸೆಕೆಂಡು ಬಾಕಿ. ಮುನಿರಾಜು ಆ ನಗುವಿನ ಮೇಲಿಂದ ಚೆಂಡು ಎಸೆದ. ಅದು ಬಳೆಯೊಳಗೆ ಇಳಿದ ಮೇಲೆ ನಾನು ಎದ್ದು, ಗಂಟೆಯ ಬದಲು ತೂಗುಹಾಕಿದ್ದ ರೈಲುಕಂಬಿಯ ತುಂಡಿಗೆ ಬಡಿದೆ. ಅಂಪೈರು ನನ್ನ ಹತ್ತಿರ ಬಂದು "ಟೈಮ್ ಇತ್ತೇನ್ರೀ?" ಎಂದರು. "ಇತ್ತು ಸಾರ್" ಎಂದೆ. ವಾಚು ತೋರಿಸಿದೆ. ವಾಚು ಸುಳ್ಳು ಹೇಳಲಿಲ್ಲ. ಅದಕ್ಕೆ ನಾನು ಹೇಳಿದ್ದಷ್ಟೇ ಗೊತ್ತಿತ್ತು.

ಮುನಿರಾಜು ಕಣ್ಕಟ್ಟು ಮಾಡಿದ ಎಂದು ಜನ ಮಾತಾಡಿಕೊಂಡರು. ಮೂರೇ ವರ್ಷದಲ್ಲಿ ಅವನು ಹೆಬ್ಬಗೋಡಿಯ ಇನ್ನೊಂದು ಗೆಲ್ಲುವ ತಂಡವನ್ನೂ ಕೆಡವಿದ್ದರಿಂದ ಆ ಮಾತು ಗಟ್ಟಿಯಾಯಿತು. ಅದರಲ್ಲಿ ನನ್ನ ಬೆರಳಿನ ಪಾತ್ರವಿರಲಿಲ್ಲ, ಆಣೆ ಮಾಡುತ್ತೇನೆ. ಆದರೆ ವಿರೂಪಾಕ್ಷನಿಗೆ ಎಣಿಸಲು ಬಾರದ ಕ್ಯಾಪ್ಟನ್ ಎಂಬ ಹೆಸರು ಅಂಟಿಕೊಂಡಿತು. ಅದಕ್ಕಿಂತ ಕೆಟ್ಟದ್ದೆಂದರೆ ಅವನು ಅದನ್ನು ನಂಬಿದ. ಮರುವರ್ಷ ಆಡಲಿಲ್ಲ. ಲೇತಿನ ಮುಂದೆ ನಿಂತರೆ ಒಂದೇ ಅಳತೆಯನ್ನು ಮೂರು ಸಲ ನೋಡುತ್ತಿದ್ದ. ತನ್ನ ತಲೆ ಯಾವಾಗ ಬೇಕಾದರೂ ಕೈಕೊಡುತ್ತದೆ ಎಂಬ ಭಯದಲ್ಲಿ ಮೂವತ್ತೊಂದು ವರ್ಷ ಕಳೆದ. ನಾಲ್ಕು ಮಾತ್ರೆಗಳನ್ನು ಎಣಿಸಿ ಕೊಡೆಂದು ಅವನು ಅಂಗೈ ಚಾಚಿದ್ದು ಯಾರ ಮುಂದೆ ಎಂದು ಯೋಚಿಸಿ. ಒಂದು ಮಾತಿನಲ್ಲಿ ಅವನ ಭಯ ಕಳೆಯಬಹುದಿತ್ತು. ನನಗೆ ಧೈರ್ಯ ಬರಲಿಲ್ಲ.

ಮುನಿರಾಜುವಿಗೆ ಮಾತ್ರ ಎಲ್ಲ ತಿಳಿದಿತ್ತು. ಯಾವ ಪಂದ್ಯದಲ್ಲಿ ಎದುರಾದರೂ ಅವನು ದೂರದಿಂದಲೇ ನನ್ನತ್ತ ಹೆಬ್ಬೆರಳು ಎತ್ತುತ್ತಿದ್ದ. ನೋಡಿದವರು ಸ್ನೇಹವೆಂದುಕೊಂಡರು. ನಾನು ನನ್ನದನ್ನು ಮುಷ್ಟಿಯೊಳಗೆ ಬಚ್ಚಿಡುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಅವನು ತೀರಿಕೊಂಡಾಗ ಜಿಗಣಿಗೆ ಹೋಗಿದ್ದೆ. ಪದ್ಧತಿಯಂತೆ ಅವನ ಎರಡು ಹೆಬ್ಬೆರಳುಗಳನ್ನು ಜೋಡಿಸಿ ದಾರದಿಂದ ಕಟ್ಟಿದ್ದರು. ಸಾವಿನ ಮನೆಯಲ್ಲಿ ಹೀಗೆ ಅನ್ನಿಸಬಾರದು, ಆದರೆ ಸದ್ಯ ಇನ್ನು ಇವನು ನನಗೆ ಬೆರಳು ತೋರಿಸಲಾರ ಅನ್ನಿಸಿತು.

ಅದಾದ ಮೇಲೆ ಬೇಸ್‌ಮೆಂಟಿನಲ್ಲಿ ಆ ಸದ್ದು ಶುರುವಾಯಿತು.

ಬೇಸ್‌ಮೆಂಟ್ ಅಗೆಯುವಾಗ ಹಳೆಯ ಅಂಕಣವನ್ನು ಚೂರುಚೂರು ಮಾಡಿ ಲಾರಿಗಳಲ್ಲಿ ಸಾಗಿಸಿದ್ದರು. ಅಂಕಣವಿದ್ದ ಮಟ್ಟ ಈಗ ನನ್ನ ಕಾರು ನಿಲ್ಲಿಸುವ ಜಾಗದ ಛಾವಣಿಯ ಮೇಲಿದೆ. ಅಲ್ಲೀಗ ಹುಲ್ಲುಹಾಸು. ಒಂದು ಬೆಳಗ್ಗೆ ಕಾರಿನ ಬಾಗಿಲು ತೆಗೆಯುತ್ತಿದ್ದೆ, ತಲೆಯ ಮೇಲೆ ಚೆಂಡು ಪುಟಿಯಿತು. ಟಪ್. ಒಂದು ಸೆಕೆಂಡು ಬಿಟ್ಟು ಮತ್ತೆ ಟಪ್. ಇನ್ನೊಮ್ಮೆ ಟಪ್. ಅಷ್ಟೇ, ನಿಂತಿತು. ಮೇಲೆ ಹೋಗಿ ನೋಡಿದರೆ ಹುಲ್ಲಿಗೆ ನೀರು ಹಾಯಿಸಿದ್ದರು, ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಹುಲ್ಲಿನ ಮೇಲೆ ಚೆಂಡು ಹಾಗೆ ಪುಟಿಯುವುದೂ ಇಲ್ಲ. ರಾಯಚೂರಿನ ಸೆಕ್ಯುರಿಟಿ ಯಮನಪ್ಪನನ್ನು ಕೇಳಿದೆ. "ಪೈಪಿನಾಗ ಗಾಳಿ ಸಿಕ್ಕಿರ್ತದ್ರಿ ಸರ್" ಎಂದ. ಹೆಂಡತಿ ಕಿವಿ ಡಾಕ್ಟರ ಹೆಸರು ಹೇಳಿದಳು. ಸದ್ದು ದಿನವೂ ಬರುತ್ತಿರಲಿಲ್ಲ. ಬಂದಾಗ ಮಾತ್ರ ಮೂರೇ. ಎರಡಾಗಲಿ ನಾಲ್ಕಾಗಲಿ ಒಮ್ಮೆಯೂ ಬರಲಿಲ್ಲ, ಬಂದಿದ್ದರೆ ಪೈಪೆಂದು ನಾನೂ ನಂಬುತ್ತಿದ್ದೆ. ಕಾರು ತೊಳೆಯುವ ನೆಪ ಮಾಡಿಕೊಂಡು ಅಲ್ಲಿ ಹೋಗಿ ಕಾಯುವ ಚಟವೂ ಹಿಡಿಯಿತು. ಈ ನಾಲ್ಕು ವರ್ಷದಲ್ಲಿ ನನ್ನ ಕಾರಿನಷ್ಟು ಶುಭ್ರವಾದ ಕಾರು ನಾಗಸಂದ್ರದಲ್ಲಿ ಇನ್ನೊಂದಿರಲಿಲ್ಲ.

ಹೋದ ತಿಂಗಳು ವಿರೂಪಾಕ್ಷನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಇಬ್ಬರೂ ಕೆಳಗಿಳಿದೆವು. ಕಾರಿನ ಹತ್ತಿರ ಬಂದಾಗ ಮೇಲೆ ಟಪ್ ಎಂದಿತು. ನಾನು ಅವನ ಮುಖ ನೋಡಿದೆ. ಇವನಿಗೆ ಕೇಳಿಸದಿದ್ದರೆ ನಾಳೆಯೇ ಕಿವಿ ಡಾಕ್ಟರಲ್ಲಿಗೆ ಹೋಗುವುದೆಂದು ತೀರ್ಮಾನಿಸಿದೆ. ಎರಡನೆಯ ಸದ್ದಿಗೆ ಅವನ ಕೈಗಳು ತಾವಾಗಿ ಅಗಲವಾದವು. ಮೂರನೆಯದಕ್ಕೆ ತುಟಿ ಅಲ್ಲಾಡಿತು.

"ಯಾರು ಚೆಂಡಾಡ್ಲಿಕ್ಕತ್ತಾರೋ ಮ್ಯಾಲೆ?" ಎಂದ.

ಕಾರಿಗೆ ಆತುಕೊಂಡು ಎಲ್ಲವನ್ನೂ ಹೇಳಿದೆ. ಮೂರು ಪುಟಿತ, ಮರೆತ ಬೆರಳು, ಅಂಪೈರಿಗೆ ತೋರಿಸಿದ ವಾಚು. ಅವನು ಅಗಲಿಸಿದ್ದ ಕೈಗಳನ್ನು ಇಳಿಸಲೇ ಇಲ್ಲ.

"ಅಂದ್ರ ನನ್ನ ಎಣಿಕಿ ಸರಿ ಇತ್ತೇನು?"

"ಸರಿಯಿತ್ತು ಕಣೋ. ಮುಂಚೆ ಎಷ್ಟು ಸರಿಯಿತ್ತೋ ಅವತ್ತೂ ಅಷ್ಟೇ ಸರಿಯಿತ್ತು."

ಅವನು ಛಾವಣಿಯತ್ತ ತಲೆಯೆತ್ತಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಹಗುರವಾಗುತ್ತಿತ್ತು. "ಮೂವತ್ತೊಂದು ವರ್ಷ ನನ್ನ ತಲಿ ನಾನ ನಂಬ್ಲಿಲ್ಲ, ಟೈಮಾಫೀಸು" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನಾಳೆ ಕ್ಲಬ್‌ಹೌಸಲ್ಲಿ ಎಲ್ಲರ ಮುಂದೆ ಹೇಳ್ಬಿಡ್ತೀನಿ" ಎಂದೆ.

"ಹೇಳಬ್ಯಾಡ" ಎಂದ ಅವನು ತಟ್ಟನೆ. "ಮುನಿರಾಜನ ಕೈಯಾಗ ಸೋತೆ ಅಂತ ಮಂದಿ ಮುಂದ ಹೇಳ್ಕೋಬಹುದು. ನಿನ್ನ ಹೆಬ್ಬಟ್ಟಿನ ಕೈಯಾಗ ಸೋತೆ ಅಂತ ಹೆಂಗ ಹೇಳ್ಲಿ?"

ಗೆದ್ದವನಿಗೆ ಮಾತ್ರ ತಾರೆ ಬೇಕು ಎಂದುಕೊಂಡಿದ್ದೆ. ಸೋತವನಿಗೆ ಇನ್ನೂ ಹೆಚ್ಚು ಬೇಕು ಎಂದು ನನಗೆ ತಿಳಿದದ್ದು ಆವತ್ತೇ. ರಾಷ್ಟ್ರಕೂಟರ ಕೊನೆಯ ಅರಸನನ್ನು ಕೇಳಿದ್ದರೂ ಬಟ್ಟಲು ಕಾಯುವವನ ಹೆಸರು ಬಿಟ್ಟು ಕುದುರೆಯ ಮೇಲಿದ್ದವನ ಹೆಸರನ್ನೇ ಹೇಳುತ್ತಿದ್ದನೇನೋ.

ಮರುದಿನ ಬೆಳಗ್ಗೆ ಕ್ಲಬ್‌ಹೌಸಿನಲ್ಲಿ ವಿರೂಪಾಕ್ಷ ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡ. ನಾನು ಅಭ್ಯಾಸಬಲದಿಂದ ಮುಂದೆ ಬಾಗಿದೆ. ಅವನು ನನ್ನ ಕಡೆ ಚಾಚಲಿಲ್ಲ, ತಾನೂ ಎಣಿಸಲಿಲ್ಲ, ಒಟ್ಟಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಟಿ.ವಿ.ಯಲ್ಲಿ ಪಂದ್ಯ ಮುಗಿದಿತ್ತು, ಅದೇ ಚರ್ಚೆ ಕಾವೇರಿತ್ತು. ಸುಹಾಸ್ ಇತ್ತ ತಿರುಗಿ, "ಅಂಕಲ್, ನಿಮ್ದೂ ಒಂದು ಡೈನಾಸ್ಟಿ ಇತ್ತಂತಲ್ಲ ಇದೇ ಜಾಗ್ದಲ್ಲಿ. ಅದನ್ನ ಮುಗ್ಸಿದ್ದು ಯಾರು?" ಎಂದ.

"ಜಿಗಣಿ ಮುನಿರಾಜು" ಎಂದ ವಿರೂಪಾಕ್ಷ. "ಮತ್ಯಾರು? ಅವನಂಥ ಆಟಗಾರ ಇನ್ನೊಬ್ಬ ಹುಟ್ಟಿಲ್ಲ."

ಬೇಸ್‌ಮೆಂಟಿನಲ್ಲಿ ಆ ಸದ್ದು ನಿಂತುಹೋಗಿದೆ. ಎಲ್ಲಿಗೆ ಹೋಯಿತೆಂಬುದು ನನಗೆ ಗೊತ್ತು. ಮುನಿರಾಜುವಿನ ಹೆಸರು ಹೇಳಿದ ಮೇಲೆ ವಿರೂಪಾಕ್ಷ ಬಲಗೈಯ ಗೆಣ್ಣಿನಿಂದ ಮೇಜಿನ ಮೇಲೆ ಒಮ್ಮೆ ಬಡಿದು ನನ್ನ ಕೈಯನ್ನು ನೋಡಿದ. ಒಂದು ಸೆಕೆಂಡು ಬಿಟ್ಟು ಇನ್ನೊಮ್ಮೆ ಬಡಿದ, ಮತ್ತೆ ನೋಡಿದ, ಮೂರನೆಯ ಸಲ ಬಡಿದ. ಈಗ ದಿನವೂ ಹೀಗೇ ಮಾಡುತ್ತಾನೆ, ಮುಖದ ಮೇಲೆ ಫೈನಲ್ ದಿನದ ಅದೇ ನಗು. ಮೇಜಿನ ಕೆಳಗೆ ನನ್ನ ಹೆಬ್ಬೆರಳು, ಇಲ್ಲದ ವಾಚೊಂದನ್ನು ಹುಡುಕಿಕೊಂಡು, ಪ್ರತಿದಿನವೂ ಜೋರಾಗಿ ಒತ್ತುತ್ತದೆ. ಒತ್ತುವುದು ಮೂರನೆಯ ಸದ್ದು ಮುಗಿದ ಮೇಲೆಯೇ.