ಸ್ವಂತ ವಿರೇಚನೆ

ಅಫಜಲಪುರದ ಒಂದು ಪದವಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕನಾಗಿದ್ದೆ. ನನ್ನೂರು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ, ಓದಿದ್ದು ಕನ್ನಡ ಎಂ.ಎ. ಆ ವರ್ಷ ತರ್ಕ ಮತ್ತು ನೈತಿಕ ಚಿಂತನೆ ಎಂಬ ಹೊಸ ಪತ್ರಿಕೆ ಬಂತು. ಕಲಿಸುವವರು ಯಾರೂ ಇರಲಿಲ್ಲ.

"ನೀವು ಕನ್ನಡದವ್ರು, ಛಲೋ ಮಾತಾಡ್ತೀರಿ. ನೀವೇ ತಗೋರಿ," ಎಂದರು ಪ್ರಿನ್ಸಿಪಾಲರು.

ಮಾತು ಬಲ್ಲವನಿಗೆ ತರ್ಕವೂ ಬರುತ್ತದೆ ಎಂಬ ಅವರ ತರ್ಕವನ್ನು ನಾನು ಪ್ರಶ್ನಿಸಲಿಲ್ಲ. ಕೆಲಸ ಬೇಕಾಗಿತ್ತು. ಜೇವರ್ಗಿಯ ಕಾಲೇಜೊಂದರಲ್ಲಿದ್ದ ಗೆಳೆಯನಿಂದ ಟಿಪ್ಪಣಿ ತರಿಸಿಕೊಂಡೆ. ಮೇಲೆ ನನ್ನ ಹೆಸರು ಹಾಕಿ ತರಗತಿಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಪುರುಸೊತ್ತಾದಾಗ ನಾನೂ ಓದಿದರಾಯಿತು ಎಂದುಕೊಂಡೆ.

ಮೊದಲ ಕಿರುಪರೀಕ್ಷೆಗೆ ಒಂದೇ ಪ್ರಶ್ನೆ ಕೊಟ್ಟೆ: ನಕಲು ಮಾಡುವುದು ತಪ್ಪೇ? ಕಾರಣ ಕೊಟ್ಟು ವಾದಿಸಿ.

ಉತ್ತರ ತಿದ್ದಲು ಕುಳಿತಾಗ ಮೊದಲನೆಯದರಲ್ಲೇ ನಗು ಬಂತು. "ಮನುಷ್ಯನು ಇತರರನ್ನು ಕುರುಡಾಗಿ ಅನುಸರಿಸದೆ ಸ್ವಂತ ವಿರೇಚನೆಯಿಂದ ನಡೆಯಬೇಕು" ಎಂದಿತ್ತು. ವಿವೇಚನೆ ಇರಬೇಕಾದಲ್ಲಿ ವಿರೇಚನೆ, ಅಂದರೆ ಭೇದಿ, ನಮ್ಮ ಕಡೆಯವರು ಹೇಳುವ ಜುಲಾಬು. ಎರಡನೆಯದರಲ್ಲೂ ಜುಲಾಬು, ಮೂರನೆಯದರಲ್ಲೂ ಅದೇ. ಕೊನೆಗೆ ನೋಡಿದರೆ ಒಬ್ಬ ಹುಡುಗಿಯನ್ನು ಬಿಟ್ಟು ಇಡೀ ತರಗತಿಯೇ ಜುಲಾಬಿಗೆ ಒಳಗಾಗಿತ್ತು. ನಕಲು ತಪ್ಪೆಂದು ಎಲ್ಲರೂ ನಕಲು ಮಾಡಿ ಬರೆದಿದ್ದರು! ಸಿಟ್ಟಿನಿಂದ ಅವರೆಲ್ಲರಿಗೂ ಸೊನ್ನೆ ಹಾಕಿದೆ. ಆ ಹುಡುಗಿ ಏನೋ ರೊಟ್ಟಿಯ ಕತೆ ಬರೆದಿದ್ದಳು. ವಿಷಯ ಬಿಟ್ಟು ಬರೆದಿದೆ ಎಂದು ಹತ್ತಕ್ಕೆ ಮೂರು ಕೊಟ್ಟೆ.

ಮರುದಿನ ತರಗತಿಯಲ್ಲಿ ಸಾಕ್ಷ್ಯ ಎಂದರೇನೆಂದು ವಿವರಿಸಿದೆ. "ಇಷ್ಟು ಮಂದಿ ಒಂದೇ ತಪ್ಪು ಮಾಡ್ಯಾರ ಅಂದ್ರ ಅದು ಆಕಸ್ಮಿಕ ಅಲ್ಲ. ಒಬ್ಬರದ ನೋಡಿ ಇನ್ನೊಬ್ಬರು ಬರದೀರಿ. ಬ್ಯಾರೆ ಕಾರಣ ಇರಾಕ ಸಾಧ್ಯನ ಇಲ್ಲ," ಎಂದೆ.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಸರ್, ಬ್ಯಾರೆ ಕಾರಣ ಐತ್ರಿ. ಆ ಶಬ್ದ ನಿಮ್ಮ ನೋಟ್ಸ್‌ನಾಗ ಐತ್ರಿ." ಮೊಬೈಲ್ ತಂದು ತೋರಿಸಿದ. ನನ್ನ ಹೆಸರಿನ ಕೆಳಗೆ, ಅದೇ ವಾಕ್ಯ, ಅದೇ ವಿರೇಚನೆ. ನಾನು ಕನ್ನಡ ಮೇಷ್ಟ್ರು ಬೇರೆ.

ಹೊರಗೆ ಹೋಗಿ ಗೆಳೆಯನಿಗೆ ಫೋನ್ ಮಾಡಿದೆ. "ಇದನ್ನ ಓದಿ ಕಳಿಸಿದ್ಯೇನಲೇ?"

"ನಾ ಎಲ್ಲಿ ಓದಲಿ? ನನಗೂ ಯಾರೋ ಕಳಿಸಿದ್ರು. ಯಾಕಲೇ, ಏನಾತು?"

ಒಳಗೆ ಬಂದು ತಪ್ಪು ನನ್ನದೆಂದು ಒಪ್ಪಿಕೊಂಡೆ. ಸೊನ್ನೆಗಳನ್ನೆಲ್ಲ ಏಳು ಮಾಡಿದೆ. ಚಪ್ಪಾಳೆ ಬಿತ್ತು. ಆಗ ಆ ಹುಡುಗಿ ಎದ್ದಳು. ಸೊನ್ನ ಎಂಬ ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದವಳು, ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ.

"ಸರ್, ತಪ್ಪು ಬರದೋರಿಗೆ ಏಳು, ತಪ್ಪು ಬರೀದಾಕಿಗೆ ಮೂರು. ಇದು ಹ್ಯಾಂಗ್ರಿ?"

ಅವಳ ಹಾಳೆಯನ್ನು ತೆಗೆದು ಮತ್ತೆ ಓದಿದೆ. ಹೀಗಿತ್ತು: "ರೊಟ್ಟಿ ಬಡಿಯುವುದನ್ನು ನಾನು ಅವ್ವನನ್ನು ನೋಡಿ ಕಲಿತೆ. ಅದನ್ನು ಯಾರೂ ನಕಲು ಅನ್ನುವುದಿಲ್ಲ. ಅವ್ವ ಬಡಿದ ರೊಟ್ಟಿಯನ್ನು ನಾನೇ ಬಡಿದೆ ಅಂದರೆ ಅದು ತಪ್ಪು. ಆದ್ದರಿಂದ ತಪ್ಪು ಇರುವುದು ನೋಡುವುದರಲ್ಲಿ ಅಲ್ಲ, ನನ್ನದು ಅನ್ನುವುದರಲ್ಲಿ."

ಬೇರೆಯವರ ಟಿಪ್ಪಣಿಗೆ ನನ್ನ ಹೆಸರು ಹಾಕಿದವನು ನಾನು. ತಲೆ ತಗ್ಗಿಸಿಕೊಂಡೇ ಒಂಬತ್ತು ಹಾಕಿದೆ. ಆಮೇಲೆ ಅಭಿಮಾನದಿಂದ ಕೇಳಿದೆ: "ನೀ ಒಬ್ಬಾಕಿನ ಸ್ವಂತ ವಿಚಾರ ಮಾಡಿ ಬರದಿ. ಹ್ಯಾಂಗ ಹೊಳೀತವ್ವಾ?"

"ನನ್ನ ಮೊಬೈಲ್ ಕೆಟ್ಟಿತ್ರಿ ಸರ್. ನೋಟ್ಸ್ ಸಿಕ್ಕಿರಲಿಲ್ರಿ."

ಇದರಿಂದ ಬುದ್ಧಿ ಕಲಿತ ನಾನು ಎರಡನೇ ಪರೀಕ್ಷೆಗೆ ಟಿಪ್ಪಣಿಯನ್ನೇ ಕೊಡಲಿಲ್ಲ. ಮೂರೇ ದಿನದಲ್ಲಿ ಪ್ರಿನ್ಸಿಪಾಲರು ಕರೆಸಿದರು. ಮೇಜಿನ ಮೇಲೆ ತರಗತಿಯ ಎಲ್ಲರೂ ಸಹಿ ಹಾಕಿದ ದೂರಿತ್ತು.

"ವಿಚಾರ ಮಾಡ್ರಿ ಅಂತ ಹೇಳಾಕತ್ತೀರಂತಲ್ರಿ?"

"ಹೌದ್ರಿ. ಪತ್ರಿಕೆ ಇರೋದ ಅದಕ್ಕರಿ."

"ಖರೆ. ಆದ್ರ ಪರೀಕ್ಷೆ ಹತ್ರ ಬಂದಾವು. ಈಗ ವಿಚಾರ ಮಾಡ್ಕೋತ ಕುಂತ್ರ ಅವರು ಓದೋದು ಯಾವಾಗ್ರಿ?"

ಅವರಿಗೆ ಹೇಳಬಹುದಾದ ಉತ್ತರಗಳು ನನ್ನಲ್ಲಿ ಮೂರ್ನಾಲ್ಕಿದ್ದವು. "ಆತ್ರಿ," ಎಂದು ಎದ್ದು ಬಂದೆ. ಆ ವಾರವೆಲ್ಲ ಕುಳಿತು ಹದಿನಾಲ್ಕು ಪುಟ ಕೈಯಾರೆ ಬರೆದು, ಎರಡು ಸಲ ಓದಿ, ಗುಂಪಿಗೆ ಕಳಿಸಿದೆ. ಉತ್ತರವಾಗಿ ಎಲ್ಲರೂ ಅದೇ ಒಂದು ಕೈಮುಗಿದ ಇಮೋಜಿ ಹಾಕಿದರು.