ಜಾಲಿಯ ಎರಡನೇ ಮಗ್ಗುಲು

ಅಕ್ಕಲಕೋಟ ರಸ್ತೆಯಿಂದ ನಮ್ಮೂರಿಗೆ ತಿರುಗುವಲ್ಲಿ, ಹಳ್ಳದ ದಂಡೆಗೆ ಒಂದು ಹಳೆಯ ಜಾಲಿಮರವಿತ್ತು. ಬೇಸಿಗೆಯಲ್ಲಿ ನನ್ನ ಸೋದರಮಾವ ಹನ್ನೆರಡರಿಂದ ಮೂರರವರೆಗೆ ಕುರಿಗಳನ್ನು ಅದರ ಕೆಳಗೆ ನಿಲ್ಲಿಸುತ್ತಿದ್ದರು. ಆ ಬಯಲಿನಲ್ಲಿ ಬೇರೆ ನೆರಳಿರಲಿಲ್ಲ. ಮರ ಈಗಿಲ್ಲ. ಅದು ಹೋದ ಬಗೆಯಲ್ಲಿ ನಾನು ನೋಡಿದಷ್ಟನ್ನು, ಮಾಡಿದಷ್ಟನ್ನು ಬರೆಯುತ್ತೇನೆ.

ಬಿಸಿಲು ತಡೆಯಲಾಗುತ್ತಿಲ್ಲ, ನಾವೂ ಏನಾದರೂ ಮಾಡಬೇಕೆಂದು ಹೋದ ಮಳೆಗಾಲದಲ್ಲಿ ಊರವರೆಲ್ಲ ಕೂಡಿ ರಸ್ತೆಬದಿಗೆ ನೂರು ಬೇವಿನ ಸಸಿ ನೆಟ್ಟೆವು. ಉಸ್ತುವಾರಿ ನನ್ನದು. ಆಡು ಕುರಿಯ ಊರಿನಲ್ಲಿ ಬೇಲಿಯಿಲ್ಲದ ಸಸಿ ಎರಡು ದಿನ ಉಳಿಯುವುದಿಲ್ಲ. ಜಾಲಿಯ ಮುಳ್ಳುಕೊಂಬೆ ತಂದು ಸುತ್ತ ಊರುತ್ತೇವೆ.

ಕುರಿಯವರು ಜಾಲಿಯನ್ನು ಒಂದು ವರ್ಷಕ್ಕೆ ಒಂದೇ ಮಗ್ಗುಲು ಕಡಿಯುತ್ತಾರೆ. ಇನ್ನೊಂದನ್ನು ಮುಟ್ಟುವುದಿಲ್ಲ. ಮಾವ ಗಳಕ್ಕೆ ಕಟ್ಟಿದ ಕುಡುಗೋಲಿನಿಂದ ಆ ಮರದ ಮೂಡಣ ಮಗ್ಗುಲಿನ ಕೊಂಬೆಗಳನ್ನೆಲ್ಲ ಇಳಿಸಿದರು. ಅರವತ್ತು ಸಸಿಗೆ ಸಾಕಾಯಿತು.

“ಸಾಕ್ ತಮ್ಮಾ. ಆ ಬಾಜೂ ಮುಂದಿನ ವರ್ಸಕ್ಕ.”

“ನಾಳೆ ಮುಂಜಾನೆ ಸಸಿ ಕೊಟ್ಟ ಸೊಲ್ಲಾಪುರದವರು ನೋಡಾಕ ಬರ್ತಾರ ಮಾಮಾ. ಇನ್ನ ನಲವತ್ತ ಸಸಿ ಬತ್ತಲೆ ನಿಂತಾವು.”

“ಅವಕ್ಕ ಅರಿವಿ ತೊಡಸಾಕ ಈ ಮುದುಕನ ಧೋತರಾ ಎಳೀತಿ ಏನ್?”

ಮಾವ ಮರದತ್ತ ಕೈ ತೋರಿಸಿದರು. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. “ಮಳಿ ಐತಿ, ಚಿಗೀತೈತಿ ಬಿಡ್ರಿ,” ಎಂದೆ. ಮಾವ ಗಳವನ್ನು ನೆಲಕ್ಕಿಟ್ಟರು. ಎತ್ತಿಕೊಂಡವನು ನಾನು.

ನಾಲ್ಕೈದು ಚಿಗುರು ಬಂದವು, ದೀಪಾವಳಿಗೆ ಒಣಗಿದವು. ಶಿವರಾತ್ರಿಯ ಹೊತ್ತಿಗೆ ತೊಗಟೆ ಕೈಗೆ ಕಿತ್ತುಬರುತ್ತಿತ್ತು. ಎರಡೂ ಮಗ್ಗುಲು ಕಡಿದದ್ದರಿಂದಲೇ ಸತ್ತಿತೆಂದು ಆಣೆ ಮಾಡಿ ಹೇಳಲಾರೆ. ಮುದಿ ಮರ, ಒಳಗೆ ಹುಳವೂ ಇತ್ತು. ಆದರೆ ಮಾವ ಬೇಡವೆಂದದ್ದು ನನ್ನ ಕಿವಿಗೆ ಬಿದ್ದಿತ್ತು.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಹೋಟಗಿಯಿಂದ ಬೈಕಿನಲ್ಲಿ ಬರುತ್ತಿದ್ದೆ. ಬಯಲಿನ ನಡುವೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ಗುಂಪಾಗಿ ನಿಂತಿದ್ದವು. ಮಾವ ತಲೆಯ ಮೇಲೆ ಕಂಬಳಿ ಹೊದ್ದು ಅವುಗಳ ಪಕ್ಕದಲ್ಲಿದ್ದರು. ನಾನು ನೋಡುತ್ತಿರುವಾಗಲೇ ಕುಳಿತರು. ಆಮೇಲೆ ಒಂದು ಕಡೆಗೆ ವಾಲಿದರು.

ಓಡಿ ಹೋದೆ. ಮೈ ಸುಡುತ್ತಿತ್ತು, ಬೆವರಿರಲಿಲ್ಲ. ರಸ್ತೆಗೆ ಹೊತ್ತು ತಂದು ಮಲಗಿಸಲು ಜಾಗ ಹುಡುಕಿದೆ. ಸಸಿಗಳು ನನ್ನ ಮೊಣಕಾಲಿಗೂ ಬಂದಿರಲಿಲ್ಲ. ಕೊನೆಗೆ ಬೈಕಿನ ನೆರಳಲ್ಲಿ ಅವರ ತಲೆಯಿಟ್ಟು, ಬಾಟಲಿಯ ನೀರು ಸುರಿದು, ಹಾಲಿನ ಟೆಂಪೋ ನಿಲ್ಲಿಸಿ ದವಾಖಾನೆಗೆ ಒಯ್ದೆ. ಮೂರನೇ ದಿನ ಮಾತಾಡಿದರು. ಇನ್ನು ಬಿಸಿಲಿಗೆ ಹೋಗಬಾರದೆಂದರು ಡಾಕ್ಟರು.

ಅಷ್ಟರಲ್ಲಿ ಮಾವನ ಮಗಳು ಕುರಿಗಳನ್ನು ತನ್ನ ಗಂಡನೂರು ಮಂದ್ರೂಪಕ್ಕೆ ಹೊಡೆದುಕೊಂಡು ಹೋಗಿದ್ದಳು. ಅಲ್ಲಿ ಕಬ್ಬಿನ ಹೊಲದ ಬದುವಿಗಾದರೂ ಮರಗಳಿವೆ. ತಾತ್ಕಾಲಿಕ ಎಂದೇ ಮಾತಾಗಿತ್ತು. ಮಳೆ ಬಿದ್ದ ಮೇಲೆ ಕುರಿಗಳನ್ನು ಹೊಡೆದುಕೊಂಡು ಬರುವೆನೆಂದು ಮಾವ ಹಟ ಹಿಡಿದಿದ್ದರು.

ಒಂದು ಬೆಳಿಗ್ಗೆ ನಾನು ಸಸಿಗೆ ನೀರು ಹಾಕುತ್ತಿದ್ದಾಗ ಮೆಲ್ಲಗೆ ಬಂದರು. ಒಂದು ಸಸಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎಲೆ ಮುಟ್ಟಿದರು.

“ಇದರ ಬುಡಕ ಇಪ್ಪತ್ತ ಕುರಿ ನಿಲ್ಲಾಕ ಎಷ್ಟ ವರ್ಸ ಬೇಕೋ?”

ಸುಳ್ಳು ಹೇಳಬಹುದಿತ್ತು. “ಹತ್ತ ಬೇಕ್ರಿ ಮಾಮಾ. ಬದುಕಿದರ.”

ಅವರು ಮೊಣಕಾಲಿಗೆ ಕೈಯೂರಿ ಎದ್ದರು.

“ಹಂಗಾರ ಮಗಳಿಗೆ ಫೋನ್ ಹಚ್ಚು. ಕುರಿ ಅಲ್ಲೇ ಇರಲಿ ಅಂತ ಹೇಳು.”